ಖಾಲಿ ಬಿಟ್ಟ ಸಾಲು

ನಾನು ಇವತ್ತಿಗೂ ನರ್ಸಾಗಿ ಉಳಿದಿದ್ದೇನೆ ಅಂದರೆ ಅದಕ್ಕೆ ನಾಲ್ಕು ಜನ ಕಾರಣ. ಅವರಲ್ಲಿ ಮೂವರು ನನ್ನನ್ನು ಚೆನ್ನಾಗಿ ಬೈದವರು, ಒಬ್ಬರು ನನ್ನ ಮೇಲೆ ಕೇಸು ಹಾಕಿದವರು. ನಾಲ್ವರ ಹೊಟ್ಟೆಯೂ ತಣ್ಣಗಿರಲಿ.

ಬೈಸಿಕೊಳ್ಳುವುದು ನನಗೆ ಅಭ್ಯಾಸವಿಲ್ಲ, ಬೈಯುವುದೇ ಅಭ್ಯಾಸ. ಇಪ್ಪತ್ತೊಂದು ವರ್ಷದ ಸರ್ವೀಸಿನಲ್ಲಿ ವಾರ್ಡಿನ ಗೋಡೆಗಳೂ ನನ್ನ ಬಾಯಿ ಕೇಳಿ ಕೇಳಿ ಸವೆದಿವೆ. ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟ ಅಜ್ಜಿಯರಿಗೆ, ರೋಗಿಯ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗುವ ಅಳಿಯಂದಿರಿಗೆ, ಕೈ ತೊಳೆಯದೆ ಗಾಯ ಮುಟ್ಟಲು ಹೋಗುವ ಎಳೆಯ ಡಾಕ್ಟರುಗಳಿಗೆ, ಯಾರಿಗೂ ನಾನು ರಿಯಾಯಿತಿ ತೋರಿಸಿದವಳಲ್ಲ. ನನ್ನ ಗಂಡ ಬಸ್ ಡ್ರೈವರು. "ನಿನ್ನ ಗಂಟಲನ್ನ ನಮ್ಮ ಡಿಪೋಗೆ ಕೊಡೇ, ಹಾರ್ನ್ ರಿಪೇರಿ ಉಳಿಯುತ್ತೆ" ಅನ್ನುತ್ತಾರೆ.

ಅಂಥ ಗಂಟಲು ಕಟ್ಟಿಹೋದದ್ದು ನೋಟೀಸು ಕೈಗೆ ಬಂದ ದಿನ. ಮಧ್ಯಾಹ್ನ ಎರಡು ಗಂಟೆ, ಡ್ಯೂಟಿ ಬದಲಾಗುವ ಹೊತ್ತು. ಬೆಳಗಿನವಳು ಒಂದೊಂದೇ ಹಾಸಿಗೆಯ ಕಥೆ ಹೇಳಿ ಒಪ್ಪಿಸುತ್ತಿದ್ದಳು, ನಾನು ತಲೆಯಾಡಿಸುತ್ತಾ ಲಕೋಟೆ ಒಡೆದೆ. ನ್ಯಾಯಾಲಯದ ಮುದ್ರೆ, ಅದರ ಕೆಳಗೆ ಆಸ್ಪತ್ರೆಯ ಹೆಸರು, ಸರ್ಜನ್ ಹೆಸರು, ಮೂರನೆಯದು ನನ್ನದು. ಕರ್ತವ್ಯಲೋಪ, ನಿರ್ಲಕ್ಷ್ಯ, ಶಾಶ್ವತ ಅಂಗಹಾನಿ. ಕೊನೆಯ ಪ್ಯಾರಾದಲ್ಲಿ, ಮೂರನೆಯ ಪ್ರತಿವಾದಿಯ ನರ್ಸಿಂಗ್ ನೋಂದಣಿಯನ್ನು ರದ್ದುಪಡಿಸುವಂತೆ ಕೌನ್ಸಿಲಿಗೆ ಬರೆಯಬೇಕೆಂಬ ಪ್ರಾರ್ಥನೆ. ಮೂರನೆಯ ಪ್ರತಿವಾದಿ ಯಾರಪ್ಪಾ ಎಂದು ಒಂದು ಕ್ಷಣ ನನಗೇ ಹೊಳೆಯಲಿಲ್ಲ. ಹೊಳೆದಮೇಲೆ ಆ ಪ್ಯಾರಾವನ್ನು ಮತ್ತೊಮ್ಮೆ ಓದಿದೆ.

ಯಾವ ಕೇಸು ಎಂದು ಓದಿ ತಿಳಿಯಬೇಕಾದ ಅಗತ್ಯವಿರಲಿಲ್ಲ. ಒಂಬತ್ತನೇ ಹಾಸಿಗೆಯ ಟೀಚರಮ್ಮ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತರಾದವರು. ಕತ್ತಿನ ಗ್ರಂಥಿಯ ಆಪರೇಷನ್ ಆಗಿತ್ತು, ಧ್ವನಿ ಪಿಸುಮಾತಿನಷ್ಟೇ ಉಳಿದಿತ್ತು. ಆಪರೇಷನ್ ಆದಮೇಲೆ ಮೈಯಲ್ಲಿ ಕ್ಯಾಲ್ಸಿಯಂ ಇಳಿದಿದ್ದರಿಂದ ಬಲಗೈಗೆ ಕ್ಯಾಲ್ಸಿಯಂ ಡ್ರಿಪ್ ಹಾಕಿದ್ದರು. ಆ ಔಷಧ ನರದೊಳಗೆ ಹರಿದರೆ ಜೀವ ಉಳಿಸುತ್ತದೆ, ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಅವತ್ತು ಅದು ಸೋರಿತು.

ನಲವತ್ತು ಹಾಸಿಗೆಗೆ ನಾವು ಇಬ್ಬರೇ ಇದ್ದೆವು. ಹನ್ನೊಂದನೇ ಹಾಸಿಗೆಯವರು ರಕ್ತ ವಾಂತಿ ಮಾಡುತ್ತಿದ್ದರು, ನಾನು ಆ ಕಡೆ ಈ ಕಡೆ ಓಡುತ್ತಿದ್ದೆ. ನಾಲ್ಕೂವರೆಗೆ ಒಂಬತ್ತರ ಪಕ್ಕ ಹಾದು ಹೋಗುವಾಗ ಟೀಚರಮ್ಮನ ಮುಖ ಕಂಡಿತು. ಹಲ್ಲು ಕಚ್ಚಿಕೊಂಡಿದ್ದರು. ಹೊದಿಕೆ ಸರಿಸಿ ನೋಡಿದರೆ ಕೈ ಊದಿ ಬಿಳಿಚಿಕೊಂಡಿದೆ. ಡ್ರಿಪ್ ನಿಲ್ಲಿಸಿದೆ. ಕೈಯನ್ನು ಎರಡು ದಿಂಬಿನ ಮೇಲೆ ಎತ್ತಿ ಇಟ್ಟೆ. ಓಡಿಹೋಗಿ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದೆ. ಸರ್ಜನ್ ಒಳಗಿದ್ದಾರೆ, ಹೇಳುತ್ತೇವೆ, ಅವರು ಏನು ಮಾಡಬೇಕೆಂದರೋ ಅದನ್ನು ತಿಳಿಸುತ್ತೇವೆ ಎಂದರು. ಆ ಕಡೆಯಿಂದ ಫೋನು ಬರಲೇ ಇಲ್ಲ. ಡಾಕ್ಟರು ಬಂದದ್ದು ಆರೂಕಾಲಿಗೆ.

ಈಗ ನಮ್ಮ ವಾರ್ಡಿನ ಒಂದು ಪದ್ಧತಿ ಹೇಳಬೇಕು. ಡಾಕ್ಟರಿಗೆ ಫೋನ್ ಮಾಡಿದಾಗ ಅವರ ಉತ್ತರ ಬರುವತನಕ ನಾವು ಏನೂ ಬರೆಯುವುದಿಲ್ಲ. ಕೇಸ್ ಶೀಟಿನಲ್ಲಿ ಒಂದು ಸಾಲು ಬಿಡುತ್ತೇವೆ. ನಾವು ಕಂಡದ್ದು, ಮಾಡಿದ್ದು, ಅವರು ಹೇಳಿದ್ದು, ಎಲ್ಲವನ್ನೂ ಒಟ್ಟಿಗೆ ಆ ಸಾಲಿನಲ್ಲಿ ತುಂಬುತ್ತೇವೆ. ಯಾರು ಶುರು ಮಾಡಿದರೋ ಗೊತ್ತಿಲ್ಲ, ನನಗೆ ನನ್ನ ಸೀನಿಯರ್ ಕಲಿಸಿದರು, ನಾನು ನನ್ನ ಜೂನಿಯರುಗಳಿಗೆ ಕಲಿಸಿದೆ. ಅಚ್ಚುಕಟ್ಟಾಗಿ ಕಾಣುತ್ತದೆ ಎಂದು ಹೆಮ್ಮೆ ಬೇರೆ. ಅವತ್ತೂ ಒಂದು ಸಾಲು ಬಿಟ್ಟೆ. ಉತ್ತರ ಬರಲಿಲ್ಲ, ಸಾಲು ತುಂಬಲಿಲ್ಲ. ಕೆಳಗಿನ ಸಾಲಿನಲ್ಲಿ "6.15, ವೈದ್ಯರು ಬಂದು ನೋಡಿದರು" ಎಂದು ಬರೆದು, ಸಹಿ ಹಾಕಿ ಮನೆಗೆ ಹೋದೆ.

ಹಾಗಾಗಿ ಕಾಗದದ ಪ್ರಕಾರ ನಾಲ್ಕು ಗಂಟೆಗೆ ಬಿಪಿ ನೋಡಿದವಳು ಆರೂಕಾಲಿನ ತನಕ ಒಂಬತ್ತನೇ ಹಾಸಿಗೆಯ ಕಡೆ ತಲೆ ಹಾಕಿಯೂ ಮಲಗಿಲ್ಲ. ನೋಟೀಸಿನಲ್ಲೂ ಅದನ್ನೇ ಬರೆದಿದ್ದರು.

ಆ ನೋಟೀಸನ್ನು ಏಪ್ರನ್ ಜೇಬಿಗೆ ತುರುಕಿಕೊಂಡವಳು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ಸಂಜೆಯ ಟೀ ಬಿಡುವಿನಲ್ಲಿ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಇಳಿದೆ.

ರೆಕಾರ್ಡ್ ರೂಮಿನ ಯಜಮಾನನನ್ನು ನಾವೆಲ್ಲ ಧೂಳಪ್ಪ ಅನ್ನುತ್ತೇವೆ. ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ದಿನಕ್ಕೆ ನೂರು ಸಲ ಸೀನುತ್ತಾರೆ, ಪ್ರತಿ ಸೀನಿಗೂ ಒಂದು ಕಡತ ಹುಡುಕಿ ಕೊಡುತ್ತಾರೆ. ನನ್ನನ್ನು ತಂಗೀ ಎಂದೇ ಕರೆಯುವುದು. ಅವರ ಹೆಂಡತಿ ನಮ್ಮ ವಾರ್ಡಿನಲ್ಲಿದ್ದಾಗ ನಾನು ನೋಡಿಕೊಂಡದ್ದನ್ನು ಮರೆತವರಲ್ಲ. ಒಂಬತ್ತನೇ ಹಾಸಿಗೆಯ ಕಡತ ಕೇಳಿದಾಗ ಯಾಕೆ ಎನ್ನಲಿಲ್ಲ, ಮೇಜಿನ ಮೇಲಿಟ್ಟು, ಮೂಗೊರೆಸಿಕೊಳ್ಳುತ್ತಾ ಆಚೆ ಹೋದರು.

ಪುಟ ತಿರುಗಿಸಿದೆ. ಎರಡು ಬರಹಗಳ ನಡುವೆ ಆ ಸಾಲು ನನಗಾಗಿಯೇ ಜಾಗ ಹಿಡಿದಿಟ್ಟ ಹಾಗೆ ಖಾಲಿ ಕೂತಿತ್ತು. ಸುಳ್ಳು ಬರೆಯುವುದಲ್ಲವಲ್ಲ ಎಂದುಕೊಂಡೆ. ನಡೆದದ್ದನ್ನೇ ಬರೆಯುವುದು, ಮೂರು ತಿಂಗಳು ತಡವಾಯಿತು ಅಷ್ಟೆ. ಜೇಬಿನಿಂದ ಅದೇ ನೀಲಿ ಪೆನ್ನು ತೆಗೆದು ಬರೆದೆ. "4.30, ರೋಗಿಯ ಬಲಗೈ ಊದಿದೆ, ನೋವಿದೆ. ಡ್ರಿಪ್ ನಿಲ್ಲಿಸಿ ಕೈ ಎತ್ತರಿಸಿದೆ. ಥಿಯೇಟರಿಗೆ ಫೋನ್ ಮಾಡಿ ತಿಳಿಸಿದೆ." ಒಂದೇ ಸಾಲಿಗೆ ಹಿಡಿಸಲು ಅಕ್ಷರ ಚಿಕ್ಕದು ಮಾಡಬೇಕಾಯಿತು. ಬರೆದು ಮುಗಿಸಿದಾಗ ಹೊಟ್ಟೆಯೊಳಗಿನ ಕಲ್ಲು ಇಳಿದಂತಾಗಿ, ಮೇಲೆ ಬಂದು ಎರಡು ಬನ್ನು ತಿಂದೆ.

ನಮ್ಮ ನರ್ಸುಗಳ ಸಂಘ ನನಗೊಬ್ಬ ವಕೀಲರನ್ನು ಗೊತ್ತು ಮಾಡಿತು. ಆಸ್ಪತ್ರೆಗೂ ಒಬ್ಬ ವಕೀಲರಿದ್ದರು. ತುಂಬಾ ಮೃದು ಮಾತಿನವರು, ಕೂರಿಸಿ ಟೀ ತರಿಸಿ, "ನೀವೇನೂ ಯೋಚನೆ ಮಾಡ್ಬೇಡಿ ಸಿಸ್ಟರ್" ಎಂದರು. ನಾನು ಕರಗಿಹೋಗಿದ್ದೆ. ನನ್ನ ವಕೀಲಮ್ಮ ಮೊದಲ ದಿನವೇ ತಣ್ಣೀರು ಎರಚಿದರು.

"ಅವರು ಆಸ್ಪತ್ರೆಯ ವಕೀಲರು. ಆಸ್ಪತ್ರೆ ಉಳಿಯೋಕೆ ನಿಮ್ಮನ್ನ ಬಿಟ್ಟುಕೊಡಬೇಕಾಗಿ ಬಂದ್ರೆ ಟೀ ಕುಡಿಸಿಯೇ ಬಿಟ್ಟುಕೊಡ್ತಾರೆ. ನನ್ನ ಹತ್ರ ಟೀ ಇಲ್ಲ. ಪ್ರಶ್ನೆ ಕೇಳ್ತೀನಿ, ಉತ್ತರ ಹೇಳಿ."

ಸಣ್ಣ ಆಳು, ಸಣ್ಣ ಆಫೀಸು. ಕಿಟಕಿಯ ಕೆಳಗೆ ಬೈಕ್ ರಿಪೇರಿ ಅಂಗಡಿ. ಇಂಜಿನ್ ಗುರ್ರೆಂದಾಗಲೆಲ್ಲ ಮಾತು ನಿಲ್ಲಿಸಿ, ಅದು ನಿಂತಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಈ ವಿಷಯವನ್ನು ಜೊತೆಯವರ ಹತ್ತಿರ ಮಾತಾಡಬೇಡಿ, ಅವರನ್ನೂ ಸಾಕ್ಷಿಗೆ ಕರೆಯಬಹುದು. ಫೋನಿನಲ್ಲಿ ಮೆಸೇಜು ಹಾಕಬೇಡಿ. ರೋಗಿಯನ್ನಾಗಲಿ ಅವರ ಮನೆಯವರನ್ನಾಗಲಿ ಭೇಟಿಯಾಗಬೇಡಿ, ದಾರಿಯಲ್ಲಿ ಸಿಕ್ಕರೂ ಮಾತು ಬೇಡ. ಕೋರ್ಟಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ, ಒಂದು ಪದವೂ ಹೆಚ್ಚಿಗೆ ಬೇಡ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ.

"ಕೊನೇದಾಗಿ, ಕೇಸ್ ಶೀಟು. ನೋಟೀಸ್ ಬಂದಮೇಲೆ ಅದನ್ನ ನೀವು ಮುಟ್ಟಿಲ್ಲ ತಾನೆ?"

"ಇಲ್ಲ" ಎಂದೆ.

ಇಪ್ಪತ್ತೊಂದು ವರ್ಷದಲ್ಲಿ ಯಾರ ಎದುರಿಗೂ ಇಷ್ಟು ಚಿಕ್ಕ ಸುಳ್ಳನ್ನು ಇಷ್ಟು ಕಷ್ಟಪಟ್ಟು ಹೇಳಿರಲಿಲ್ಲ.

ಮಾರನೆಯ ದಿನ ಧೂಳಪ್ಪ ವಾರ್ಡಿಗೇ ಹತ್ತಿಬಂದರು. ಅವರು ನೆಲಮಾಳಿಗೆ ಬಿಟ್ಟು ಮೇಲೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಲಿನನ್ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದು ಸಲವೂ ಸೀನದೆ ಕೇಳಿದರು.

"ತಂಗೀ, ಆ ಶೀಟಲ್ಲಿ ಏನಾದ್ರೂ ಬರೆದ್ಯಾ?"

ನಾನು ಕಪಾಟಿನ ಹೊದಿಕೆಗಳನ್ನು ಎಣಿಸತೊಡಗಿದೆ.

"ಥೂ, ನಿನ್ನ! ಎದುರಿನವರು ಒಂದು ತಿಂಗಳ ಹಿಂದೇನೇ ಬಂದು ನಕಲು ತಗೊಂಡು ಹೋಗಿದ್ದಾರಲ್ಲೇ! ಪ್ರತಿ ಪುಟಕ್ಕೂ ನಾನೇ ಮುದ್ರೆ ಒತ್ತಿ ಕೊಟ್ಟಿದ್ದೀನಿ. ಅದರಲ್ಲಿ ಆ ಸಾಲು ಖಾಲಿ ಇದೆ. ಇವತ್ತು ಕೋರ್ಟಿಗೆ ಕಳಿಸೋಕೆ ಅಂತ ಮೂಲ ತೆಗೆದು ನೋಡ್ತೀನಿ, ಇರುವೆ ಸಾಲಿನ ಹಾಗೆ ಬರೆದಿಟ್ಟಿದ್ದೀಯ!"

ತೊಳೆದು ಮಡಿಚಿಟ್ಟ ಹೊದಿಕೆಗಳ ಮೇಲೆ ಕುಸಿದು ಕೂತೆ. ನಡೆದದ್ದು ನಿಜ, ಬರೆದದ್ದು ನಿಜ. ಆದರೆ ಬರೆದ ನನ್ನ ಕೈಯೇ ಅದನ್ನು ಸುಳ್ಳು ಮಾಡಿಟ್ಟಿತ್ತು. ಇನ್ನು ನಾನು ನಾಲ್ಕೂವರೆಗೆ ಹೋಗಿದ್ದೆ ಎಂದರೆ ಯಾರು ನಂಬುತ್ತಾರೆ? ಥಿಯೇಟರಿನವರಿಗೆ ಫೋನು ಬಂದ ನೆನಪಿಲ್ಲವಂತೆ. ಸರ್ಜನ್ ತಮಗೆ ಯಾರೂ ಹೇಳಲಿಲ್ಲ ಎಂದು ಆಗಲೇ ಬರೆದುಕೊಟ್ಟಿದ್ದರು. ನೋಂದಣಿ ಹೋದರೆ ನಾನೇನು? ಬೇರೆ ಏನೂ ಬಾರದ, ಬಾಯಿ ಜೋರಿನ ಒಬ್ಬ ಹೆಂಗಸು.

ಅವತ್ತು ಗಂಡನ ಎದುರು ಎಲ್ಲವನ್ನೂ ಕಕ್ಕಿದೆ. ಅವರು ಊಟ ಮಾಡುತ್ತಿದ್ದರು. ಪೂರ್ತಿ ಕೇಳಿ, ಕೈ ತೊಳೆದು ಬಂದು ಕೂತರು. ನನ್ನನ್ನು ಅವರು ಜೀವಮಾನದಲ್ಲಿ ಬೈದದ್ದು ಅದೊಂದೇ ಸಲ.

"ಅಲ್ವೇ, ಡ್ರೈವರ್ ಹೆಂಡತಿಯಾಗಿ ಇಷ್ಟು ಗೊತ್ತಾಗಲಿಲ್ವಾ? ಆಕ್ಸಿಡೆಂಟ್ ಆದ ಗಾಡೀನ ಜಾಗದಿಂದ ಅಲ್ಲಾಡಿಸಬಾರದು. ತಪ್ಪು ನಿಂದಲ್ಲದೇ ಇದ್ರೂ ಅಲ್ಲಾಡಿಸಬಾರದು. ನಮ್ಮ ಡಿಪೋದಲ್ಲಿ ಒಬ್ಬ ಇದ್ದ. ಎದುರಿನವನು ರಾಂಗ್ ಸೈಡಲ್ಲಿ ಬಂದು ಗುದ್ದಿದ. ಇವನು ಜನ ಓಡಾಡ್ಲಿ ಅಂತ ಗಾಡಿ ಪಕ್ಕಕ್ಕೆ ಹಾಕಿದ. ಅಷ್ಟೇ, ಕೆಲಸ ಹೋಯ್ತು. ನೀನು ಗಾಡಿ ಸರಿಸಿಬಿಟ್ಟೆ."

"ಈಗೇನು ಮಾಡ್ಲಿ ರೀ?"

"ಸರಿಸಿದೆ ಅಂತ ಹೇಳು. ಅವರು ಕಂಡುಹಿಡಿಯೋ ಮುಂಚೆ ನೀನೇ ಹೇಳು. ಬೆಳಿಗ್ಗೆ ನಾನೇ ಬಿಟ್ಟು ಬರ್ತೀನಿ, ವಕೀಲಮ್ಮನ ಹತ್ರ."

ರಜಾ ಹಾಕಿ ಬಂದರು ಆ ಪುಣ್ಯಾತ್ಮ. ಬೈಕ್ ಅಂಗಡಿಯ ಮುಂದೆ ನಿಂತು, ನಾನು ಮೆಟ್ಟಿಲು ಹತ್ತುವವರೆಗೂ ನೋಡುತ್ತಿದ್ದರು, ಎಲ್ಲಿ ವಾಪಸ್ ಓಡುತ್ತೇನೋ ಎಂಬ ಅನುಮಾನ ಅವರಿಗೆ.

ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆದ ಮಂಗಳಾರತಿಯನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. ಕೆಳಗೆ ಇಂಜಿನ್ ಗುರ್ರೆಂದರೂ ಆವತ್ತು ಅವರು ನಿಲ್ಲಿಸಲಿಲ್ಲ. ಶೀಟು ತಿದ್ದಿದ್ದಕ್ಕಿಂತ ನನಗೆ ಇಲ್ಲ ಅಂದಿರಲ್ಲ, ಅದು ದೊಡ್ಡದು ಎಂದರು. ನನ್ನ ಹತ್ತಿರ ಸುಳ್ಳು ಹೇಳಿದವರನ್ನು ಕಾಪಾಡುವುದು ಹೇಗೆ ಎಂದರು. ಆಸ್ಪತ್ರೆಯಲ್ಲಿ ಒಬ್ಬ ರೋಗಿ ನಿಮ್ಮಿಂದ ಜ್ವರ ಮುಚ್ಚಿಟ್ಟರೆ ನೀವೇನು ಮಾಡುತ್ತೀರಿ ಎಂದು ಕೇಳಿದರು. ಬೈಯುತ್ತೇನೆ ಎಂದೆ. ಅದಕ್ಕೇ ಬೈಯುತ್ತಿದ್ದೇನೆ ಎಂದರು.

ನಾನು ತಲೆ ತಗ್ಗಿಸಿ ಅಷ್ಟನ್ನೂ ಬೈಸಿಕೊಂಡೆ. ಕೊನೆಗೆ ಅವರು ಕನ್ನಡಕ ಹಾಕಿಕೊಂಡು ಒಂದು ಬಿಳಿ ಹಾಳೆ ಎಳೆದುಕೊಂಡರು.

"ನಮ್ಮ ಉತ್ತರದ ಮೊದಲ ಪುಟದಲ್ಲೇ ಇದನ್ನ ಹಾಕ್ತೀನಿ. ಇಂಥ ದಿನ, ಇಷ್ಟು ಹೊತ್ತಿಗೆ, ಈ ಸಾಲನ್ನ ನಾನು ಬರೆದೆ ಅಂತ. ಕಡತ ಕೊಟ್ಟವರು ಯಾರು ಅಂತ ಕೇಳ್ತಾರೆ. ಹೇಳಬೇಕಾಗುತ್ತೆ."

ಅದೇ ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು. ಧೂಳಪ್ಪನ ಹತ್ತಿರ ಹೋಗಿ ಹೇಳಿದೆ. ಅವರು ಒಂದೆರಡು ಸಲ ಸೀನಿದರು.

"ಹೇಳು ತಂಗೀ, ಪರವಾಗಿಲ್ಲ. ಕೊಟ್ಟಿದ್ದು ನಾನೇ. ಒಂದು ಮೆಮೋ ಕೊಡ್ತಾರೆ, ಇಡೀ ಸರ್ವೀಸಲ್ಲಿ ಒಂದಾದ್ರೂ ಕಾಗದ ನನ್ನ ಹೆಸರಿಗೆ ಬಂತು ಅಂದ್ಕೋತೀನಿ."

ಮೆಮೋ ಬಂತು. ಒಂದು ವರ್ಷದ ವೇತನ ಬಡ್ತಿ ಹೋಯಿತು. ಆ ಮನುಷ್ಯ ಒಂದು ದಿನವೂ ನನಗೆ ಮುಖ ಸಣ್ಣದು ಮಾಡಿ ತೋರಿಸಲಿಲ್ಲ. ಈ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ?

ಕೇಸು ಹನ್ನೊಂದು ತಿಂಗಳು ನಡೆಯಿತು. ಕೆಲಸಕ್ಕೆ ಹೋಗುತ್ತಿದ್ದೆ, ಆದರೆ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಮಾತ್ರೆ ಬಚ್ಚಿಟ್ಟ ಅಜ್ಜಿಯರು ನನ್ನ ಕಡೆ ನೋಡಿ, ಬೈಗುಳ ಬರಲಿಲ್ಲವೆಂದು ಗಾಬರಿಯಾಗಿ ತಾವೇ ನುಂಗುತ್ತಿದ್ದರು. ಬರವಣಿಗೆ ಮಾತ್ರ ಬದಲಾಗಿತ್ತು. ಕಂಡದ್ದನ್ನು ಕಂಡ ಹೊತ್ತಿಗೇ ಬರೆಯುತ್ತಿದ್ದೆ. ಫೋನ್ ಮಾಡಿದೆ, ಉತ್ತರ ಬಂದಿಲ್ಲ, ಹತ್ತು ನಿಮಿಷಕ್ಕೆ ಮತ್ತೆ ಮಾಡಿದೆ, ಇನ್ನೂ ಬಂದಿಲ್ಲ. ನನ್ನ ಕೇಸ್ ಶೀಟು ಓದಿದ ಒಬ್ಬ ಡಾಕ್ಟರು, "ಏನ್ ಸಿಸ್ಟರ್, ದೂರು ಬರೀತಾ ಇದ್ದೀರಾ?" ಎಂದು ನಕ್ಕರು.

ಒಂದು ಸಲ ಔಷಧದ ಅಂಗಡಿಯಲ್ಲಿ ಟೀಚರಮ್ಮ ಎದುರಾದರು. ಕೌಂಟರಿನ ಆ ತುದಿಯಲ್ಲಿ ನಿಂತಿದ್ದರು, ಎಡಗೈಯಲ್ಲಿ ಚೀಟಿ ಹಿಡಿದು. ಬಲಗೈ ಸೀರೆಯ ಸೆರಗಿನೊಳಗಿತ್ತು. ನನ್ನನ್ನು ಕಂಡರು. ನಾನು ವಕೀಲಮ್ಮನ ಮಾತು ನೆನಪಿಸಿಕೊಂಡು, ಕೊಳ್ಳಬೇಕಾದ್ದನ್ನೂ ಕೊಳ್ಳದೆ ಬೆನ್ನು ತಿರುಗಿಸಿ ಹೊರಗೆ ನಡೆದೆ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಕಣ್ಣು ತುಂಬಿ ಬಂದಿತ್ತು. ರೋಗಿಗೆ ಬೆನ್ನು ತಿರುಗಿಸಿದ್ದು ಅದೇ ಮೊದಲು ಎಂದು ಆಗ ಅಂದುಕೊಂಡೆ.

ವಿಚಾರಣೆಯ ದಿನ ಬಂತು. ಎದುರಿನ ವಕೀಲರು ಎತ್ತರದ ಆಳು, ಒಂದು ಕೈಯಲ್ಲಿ ಮೂಲ, ಒಂದು ಕೈಯಲ್ಲಿ ನಕಲು ಹಿಡಿದೇ ಎದ್ದು ನಿಂತರು.

"ಈ ಸಾಲು ಬರೆದವರು ನೀವೇ?"

"ಹೌದು."

"ನೋಟೀಸು ಬಂದಮೇಲೆ?"

"ಹೌದು."

"ಅಂದರೆ ದಾಖಲೆ ತಿದ್ದಿದವರು."

"ಹೌದು."

ಪದ್ಧತಿ ಹೇಳಬೇಕು, ನಲವತ್ತು ಹಾಸಿಗೆ ಹೇಳಬೇಕು, ರಕ್ತ ವಾಂತಿ ಹೇಳಬೇಕು ಎಂದು ನಾಲಿಗೆ ತುದಿಯವರೆಗೆ ಬಂದದ್ದನ್ನೆಲ್ಲ ಹಲ್ಲಿನಿಂದ ಹಿಡಿದಿಟ್ಟೆ. ವಕೀಲಮ್ಮ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ದಾಖಲೆ ತಿದ್ದಬಲ್ಲವರು ಇಲ್ಲಿ ನಿಂತು ಸುಳ್ಳೂ ಹೇಳಬಲ್ಲರು, ಅಲ್ಲವೆ?"

"ಹೇಳಬಲ್ಲೆ. ಇದು ಸುಳ್ಳಲ್ಲ."

ಕೆಳಗಿಳಿದು ಬಂದು ಕೂತಾಗ ಎಲ್ಲ ಮುಗಿಯಿತು ಅನ್ನಿಸಿತು. ನಾನು ಒಪ್ಪಿಕೊಂಡಾಯಿತು. ನನ್ನ ಮಾತಿಗೆ ನನ್ನ ಮಾತೇ ಸಾಕ್ಷಿ, ಅದಕ್ಕೆ ಬೆಲೆ ಇಲ್ಲ ಎಂದು ನಾನೇ ಹೇಳಿದಂತಾಗಿತ್ತು.

ಆಮೇಲೆ ಟೀಚರಮ್ಮನನ್ನು ಕರೆದರು. ಮಗ ತೋಳು ಹಿಡಿದು ಕಟಕಟೆಯ ತನಕ ಬಿಟ್ಟುಬಂದ. ಅವರ ಧ್ವನಿ ಇನ್ನೂ ಪೂರ್ತಿ ಮರಳಿರಲಿಲ್ಲ, ಎಲ್ಲರೂ ಸದ್ದಡಗಿಸಿ ಮುಂದಕ್ಕೆ ಬಾಗಿದರು. ತಮ್ಮ ವಕೀಲರ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದರು. ಕೈ ತೋರಿಸಿ ಎಂದಾಗ ತೋರಿಸಿದರು. ತೊಡೆಯಿಂದ ತೆಗೆದು ಕೈಗೆ ಹಾಕಿದ ಚರ್ಮ ಬೇರೆ ಬಣ್ಣದಲ್ಲಿತ್ತು. ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಿತ್ರ ಬರೆಯುವಾಗ ಕಾಗದದ ಮೇಲೆ ಊರಿ ಜಾರುವುದು ಕಿರುಬೆರಳೇ, ಅದು ಸೆಟೆದುಕೊಂಡರೆ ಗೆರೆ ನಡುಗುತ್ತದೆ ಎಂದರು. ನಾನು ನೆಲ ನೋಡಿದೆ.

ಆಮೇಲೆ ನನ್ನ ವಕೀಲಮ್ಮ ಎದ್ದರು. ಒಂದೇ ಪ್ರಶ್ನೆ ಕೇಳಿದರು.

"ಅಮ್ಮಾ, ನಾಲ್ಕು ಗಂಟೆಯಿಂದ ಆರೂಕಾಲಿನವರೆಗೆ ಈ ಸಿಸ್ಟರ್ ನಿಮ್ಮ ಹತ್ತಿರ ಬಂದಿದ್ರಾ?"

ಟೀಚರಮ್ಮ ಮಗನ ಕಡೆ ನೋಡಿದರು. ನನ್ನ ಕಡೆ ನೋಡಿದರು.

"ಬಂದಿದ್ರು" ಎಂದರು.

ಮಗ ಎದ್ದು ನಿಂತೇಬಿಟ್ಟ. "ಅಮ್ಮಾ!" ಎಂದ. ನ್ಯಾಯಾಧೀಶರು ಕೂರಲು ಹೇಳಿದರು.

"ನಾಲ್ಕೂವರೆ ಇರಬಹುದು. ಎದುರು ಗೋಡೆಯಲ್ಲಿ ಗಡಿಯಾರ ಇತ್ತು, ನನಗೆ ಅದನ್ನ ನೋಡೋದೇ ಕೆಲಸ. ಬಂದ್ರು, ಆ ನಳಿಕೆ ನಿಲ್ಲಿಸಿದ್ರು, ಕೈ ದಿಂಬಿನ ಮೇಲಿಟ್ರು. ಬೈದ್ರು ಕೂಡ."

"ಏನಂತ ಬೈದ್ರು?" ನ್ಯಾಯಾಧೀಶರೇ ಕೇಳಿದರು.

"ಕೈ ಕಳಚಿ ಕೆಳಗೆ ಬಿದ್ದಮೇಲೆ ಹೇಳೋಣ ಅಂತಿದ್ರಾ, ಟೀಚರಾಗಿ ಇಷ್ಟೂ ಗೊತ್ತಾಗಲ್ವಾ, ಬೆಲ್ ಇರೋದು ಅಲಂಕಾರಕ್ಕಾ ಅಂತ."

ಕೋರ್ಟಿನಲ್ಲಿ ನಗು ಎದ್ದಿತು. ನನ್ನ ಕಿವಿ ಕೆಂಪಾಯಿತು. ಬೈದದ್ದು ನನಗೆ ನೆನಪೇ ಇರಲಿಲ್ಲ, ದಿನಕ್ಕೆ ಎಷ್ಟು ಜನರನ್ನು ಬೈಯುತ್ತೇನೆ. ಆದರೆ ಆ ಮಾತು ನನ್ನದೇ, ಅನುಮಾನವೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಗಂಡ, ಇವಳದೇ, ಇವಳದೇ ಎಂಬಂತೆ ತಲೆಯಾಡಿಸಿದರಂತೆ.

ಟೀಚರಮ್ಮ ನಗಲಿಲ್ಲ. "ಮೂರು ಗಂಟೆಯಿಂದಲೇ ಉರೀತಾ ಇತ್ತು. ನಾಲ್ಕಕ್ಕೆ ಇವರು ಬಿಪಿ ನೋಡೋಕೆ ಬಂದಾಗ್ಲೂ ಹೇಳಲಿಲ್ಲ. ಇವರೆಲ್ಲ ಆ ಕಡೆ ಓಡಾಡ್ತಾ ಇದ್ರು, ಪಾಪ, ಆಮೇಲೆ ಹೇಳೋಣ ಅಂತ ತಡ್ಕೊಂಡೆ. ಮಗನಿಗೆ ಅದನ್ನ ಹೇಳೋ ಧೈರ್ಯ ಆಗಲಿಲ್ಲ. ಅವನು ಅಷ್ಟು ಕೋಪದಲ್ಲಿದ್ದ. ಕಾಗದ ತಂದ, ಎಡಗೈಯಲ್ಲಿ ಸಹಿ ಹಾಕಿದೆ" ಎಂದರು.

ತೀರ್ಪು ಬರಲು ಆರು ವಾರ ಹಿಡಿಯಿತು. ಸುಡುವಂಥ ಔಷಧ ಹೋಗುತ್ತಿದ್ದ ರೋಗಿಯನ್ನು ಗಂಟೆಗೊಮ್ಮೆ ನೋಡಲು ಬೇಕಾದಷ್ಟು ಜನರನ್ನು ವಾರ್ಡಿಗೆ ಹಾಕದೆ ಇದ್ದದ್ದು ಆಸ್ಪತ್ರೆಯ ತಪ್ಪು, ಪರಿಹಾರ ಆಸ್ಪತ್ರೆಯೇ ಕೊಡಬೇಕು ಎಂದರು. ನಾನು ರೋಗಿಯನ್ನು ಕಡೆಗಣಿಸಿಲ್ಲ ಎಂದರು. ಬರೆದ ಸಾಲಿಗೆ ಮಾತ್ರ ನನ್ನ ನೀರಿಳಿಸಿದರು, ಅದು ನ್ಯಾಯವೇ. ತಾನಾಗಿ ಒಪ್ಪಿಕೊಂಡದ್ದರಿಂದ ನೋಂದಣಿಯ ತಂಟೆಗೆ ಹೋಗದೆ, ಒಂದು ಎಚ್ಚರಿಕೆಯ ಪತ್ರಕ್ಕೆ ಬಿಟ್ಟರು. ಆ ಪತ್ರ ಈಗಲೂ ನನ್ನ ಸರ್ವೀಸ್ ಪುಸ್ತಕದಲ್ಲಿದೆ. ಹೊಸ ನರ್ಸುಗಳು ಬಂದಾಗ ನಾನೇ ತೆಗೆದು ಓದಿಸುತ್ತೇನೆ.

ತೀರ್ಪು ಓದಿ ಮುಗಿಸಿದಾಗ ವಕೀಲಮ್ಮನ ಎರಡೂ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಟೀಚರಮ್ಮ ಒಬ್ಬರೇ ಕೂತಿದ್ದರು, ಮಗ ಕಾಗದಗಳ ಕೆಲಸಕ್ಕೆ ಒಳಗೆ ಹೋಗಿದ್ದ.

"ಮೇಡಂ, ಈಗ ಮಾತಾಡಬಹುದಾ?" ಎಂದು ಕೇಳಿದೆ.

"ಈಗ ನನ್ನನ್ಯಾಕೆ ಕೇಳ್ತೀರಿ? ಹೋಗಿ."

ಹೋಗಿ ಅವರ ಎದುರು ನಿಂತೆ. ಏನು ಹೇಳಬೇಕೆಂದು ಹನ್ನೊಂದು ತಿಂಗಳು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ನಿಮ್ಮಿಂದ ನನ್ನ ಕೆಲಸ ಉಳೀತು ಅಮ್ಮಾ. ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ನೀವು ಅವತ್ತು ಇಲ್ಲ ಅಂದಿದ್ರೆ ನಾನು ಮುಗಿದೇಹೋಗಿದ್ದೆ."

"ಬಂದಿದ್ರಿ, ಬಂದಿದ್ರು ಅಂದೆ. ಅದರಲ್ಲೇನಿದೆ." ಪಿಸುಧ್ವನಿಯಲ್ಲೇ ಹೇಳಿದರು. ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು, "ಆಮೇಲೆ ಬರಲಿಲ್ಲ ನೀವು. ಅದನ್ನ ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದರು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕೈ ಕಪ್ಪಾದಮೇಲೆ ಅವರನ್ನು ಮೇಲಿನ ಮಹಡಿಗೆ ಸಾಗಿಸಿದ್ದರು. ಮೂರು ವಾರ ಅಲ್ಲಿದ್ದರು. ನಮ್ಮ ವಾರ್ಡಿನಿಂದ ಇಪ್ಪತ್ತೆರಡು ಮೆಟ್ಟಿಲು. ಆಗ ನೋಟೀಸಿರಲಿಲ್ಲ, ನನ್ನನ್ನು ಯಾವ ವಕೀಲರೂ ತಡೆದಿರಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದುಕೊಂಡೆ. ಆ ಕೈ ನೋಡಲು ಹೆದರಿ ಹೋಗಲಿಲ್ಲ.

"ಒಬ್ಬರೂ ಬರಲಿಲ್ಲ. ಕತ್ತಿನ ಆಪರೇಷನ್ ಮಾಡಿದ ಡಾಕ್ಟರೂ ಇಲ್ಲ, ಆಫೀಸಿನವರೂ ಇಲ್ಲ. ಯಾರಾದ್ರೂ ಬಂದು ಕೈ ಹೇಗಿದೆ ಅಂತ ಕೇಳಿದ್ರೆ ನನ್ನ ಮಗ ಇಲ್ಲಿಗೆ ಬರ್ತಾನೇ ಇರಲಿಲ್ಲ ಸಿಸ್ಟರ್. ಅವನು ಕೆಟ್ಟವನಲ್ಲ."

"ತಪ್ಪಾಯ್ತು ಅಮ್ಮಾ" ಎಂದೆ. "ತಪ್ಪಾಯ್ತು. ನಾನು ಬರಬೇಕಿತ್ತು."

ಅವರು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು. ಕೂತೆ. ಅವರ ಬಲಗೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಾಕಿದ ಚರ್ಮದ ಅಂಚನ್ನು ಬೆರಳಿನಿಂದ ಸವರಿದೆ. ಬೆಚ್ಚಗಿತ್ತು, ರಕ್ತ ಚೆನ್ನಾಗಿ ಓಡಾಡುತ್ತಿತ್ತು.

"ಕೈ ಹೇಗಿದೆ ಅಮ್ಮಾ?"

ಅವರು ಮೊದಲ ದಿನದಿಂದ ಶುರು ಮಾಡಿದರು. ಯಾವ ಬೆರಳು ಮೊದಲು ಮರಗಟ್ಟಿತು, ಯಾವ ಪಟ್ಟಿ ಬಿಚ್ಚುವಾಗ ಜೀವ ಹೋದಂತಾಯಿತು, ಎಲ್ಲವನ್ನೂ ಬಿಡದೆ ಹೇಳಿದರು. ಎರಡು ಗಂಟೆಗೆ ನನ್ನ ಡ್ಯೂಟಿ ಇತ್ತು. ತಡವಾಗುತ್ತದೆ ಎಂದು ವಾರ್ಡಿಗೆ ಫೋನ್ ಮಾಡಲು, ಆಚೆ ನಿಂತು ಕಾಯುತ್ತಿದ್ದ ಗಂಡನಿಗೆ ಸನ್ನೆ ಮಾಡಿ, ನಾನು ಆ ಕೈ ಬಿಡದೆ ಕೇಳುತ್ತಾ ಕೂತೆ.